ಪೈಲ್ವಾನರ ಗುದ್ದು

ರಾಯಬಾಗದ ಕಡೆ ನಾನು ದನದ ಡಾಕ್ಟರ್ ಆಗಿದ್ದಾಗಿನ ಮಾತು. ಹೆಸರಾಂತ ಪೈಲ್ವಾನರೊಬ್ಬರು ಎತ್ತಿನ ಗಾಡಿ ಓಟದ ಶರ್ಯತ್ತಿನಲ್ಲಿ ಸೋತ ಸಿಟ್ಟಿಗೆ ತಮ್ಮ ಎತ್ತಿನ ಮೂತಿಗೇ ಗುದ್ದಿದ್ದರು. ಹೇಳಿ ಕಳಿಸಿದರು, ಹೋದೆ. ಎತ್ತು ಮೂಗಿನಿಂದ ರಕ್ತ ಸುರಿಸುತ್ತ ಬೇವಿನ ಗಿಡದ ಕೆಳಗೆ ಒಂಟಿಯಾಗಿ ನಿಂತಿತ್ತು. ಜನವೆಲ್ಲ ಪೈಲ್ವಾನರ ಸುತ್ತ ಇದ್ದರು. ಒಬ್ಬ ಅವರ ಮುಂಗೈಗೆ ಅರಿಷಿಣ ಹಚ್ಚುತ್ತಿದ್ದ.

"ಬರ್ರಿ ಡಾಕ್ಟರ್ ಸಾಹೇಬ್ರ, ಪೈಲ್ವಾನ್ರ ಕೈ ಬಾತೈತಿ. ಬರೋ ವಾರ ಕುಸ್ತಿ ಐತ್ರಿ," ಎಂದರು ಊರ ಹಿರಿಯರೊಬ್ಬರು.

"ನಾ ದನದ ಡಾಕ್ಟರ್ ಅದೀನ್ರಿ. ಎತ್ತು ನೋಡಾಕ ಬಂದೇನಿ."

"ಎತ್ತು ಎಲ್ಲಿ ಹೋಗ್ತೈತ್ರಿ? ಮೊದಲ ಇವ್ರನ್ನ ನೋಡ್ರಿ."

ಪೈಲ್ವಾನರೂ ಕೈ ಚಾಚಿದರು. ನೋಡಿ, ಎಲುಬು ಮುರಿದಿಲ್ಲ ಎಂದು ಹೇಳಿ, ಔಷಧ ಹಚ್ಚಿ ಪಟ್ಟಿ ಕಟ್ಟಿದೆ. ಜನರಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಎತ್ತಿನ ಕಡೆ ನಡೆದೆ.

ಮನುಷ್ಯರಿಗೆ ಚಿಕಿತ್ಸೆ ಮಾಡಬಾರದೆಂಬುದು ನಮ್ಮ ನಿಯಮ. ಅವತ್ತು ಅದನ್ನು ಮುರಿದೆ ಅಂತ ನನಗೆ ಇವತ್ತಿಗೂ ಅನಿಸಿಲ್ಲ.