ಶುಕ್ರವಾರ ವಾಪಸು ಕೇಳಿದ ಪೊರಕೆ

ರಾಜ್ಯಗಳು ಹಾಳಾಗುವುದು ತಾವೇ ಒಳಗೆ ಬಿಟ್ಟುಕೊಂಡ ಶತ್ರುವಿನಿಂದ ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಮೇಲೂರಿನ ನನ್ನ ಅಕ್ಕ ಜಯಮ್ಮ ತನ್ನ ಶತ್ರುವನ್ನು ಕೈಚೀಲದಲ್ಲಿಟ್ಟು ಸರ್ಕಾರಿ ಬಸ್ಸಿನಲ್ಲಿ ಕರೆದೊಯ್ದಿದ್ದಳು, ಅದೂ ಟಿಕೆಟ್ಟಿಲ್ಲದೆ.

ಶತ್ರುವೆಂದರೆ ಒಂದು ಹುಲ್ಲು. ಚಿಕ್ಕಬಳ್ಳಾಪುರದ ನಮ್ಮ ಬಡಾವಣೆಯಲ್ಲಿ ಯಾರೋ ಅಂದಕ್ಕೆಂದು ನೆಟ್ಟಿದ್ದರು. ಅಳಿಲಿನ ಬಾಲದಂಥ ನಸುನೇರಳೆ ತೆನೆ. ಹೋದ ವರ್ಷ ಬಂದಿದ್ದ ಅಕ್ಕ ಮೋಹಗೊಂಡು ಒಂದು ಬುಡ ಕಿತ್ತೊಯ್ದಳು. ಈ ಮಳೆಗಾಲದಲ್ಲಿ ಅದು ಕಾಂಪೌಂಡು ಹಾರಿ ಪಕ್ಕದ ರಾಗಿಹೊಲದ ಬದುವನ್ನೆಲ್ಲ ನುಂಗಿದ್ದು ಕಂಡೆ. ಅಕ್ಕನ ಹಿಪ್ಪುನೇರಳೆ ತೋಟ ನೆನಪಾಯಿತು. ಅವಳ ರೇಷ್ಮೆಹುಳುಗಳಿಗೆ ಬೇರೆ ಊಟವಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದೆ. ತುಂಬ ಹೆಂಗಸರು, ಟಿಕೆಟ್ಟು ಕೊಂಡ ಕೆಲವೇ ಪ್ರಜೆಗಳಲ್ಲಿ ನಾನೊಬ್ಬ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಇಡ್ಲಿ ತಿಂದು, ಇನ್ನೊಂದು ಬಸ್ಸಿನಲ್ಲಿ ಮೇಲೂರು ಸೇರಿದೆ. ಮೋಡವಿತ್ತು, ಮಳೆಯಿರಲಿಲ್ಲ.

ಅಕ್ಕನ ಬಾಗಿಲ ಪಕ್ಕ ಹುಲ್ಲು ಸೊಂಟದೆತ್ತರ ನಿಂತಿತ್ತು, ಒಂದೂ ತೆನೆಯಿಲ್ಲದೆ.

“ತೆನೆ ಎಲ್ಲಿ ಅಕ್ಕಾ?”

“ಕೊಯ್ದು ಪೊರಕೆ ಕಟ್ದೆ ಕಣೋ. ಏನು ಮೆತ್ತಗೆ ಗುಡಿಸ್ತದೆ ಅಂತೀಯ. ಪಕ್ಕದ ಮುನಿಯಮ್ಮಂಗೊಂದು, ಎದುರುಮನೆ ಶಾಂತಮ್ಮಂಗೊಂದು ಕೊಟ್ಟೆ.”

ಗುಡಿಸಿದಷ್ಟೂ ಬೀಜ ಉದುರಿಸುವ ಕೂರಿಗೆಯನ್ನು ಅಕ್ಕ ಊರಿಗೆ ಹಂಚಿದ್ದಳು.

ವಿಷಯ ತಿಳಿಸಿದೆ. ಅವಳು ಹುಲ್ಲಿನ ಮೇಲೆ ಕೈಯಾಡಿಸಿ, “ದಿನಾ ನೀರು ಹಾಕಿದೀನಿ ಇದಕ್ಕೆ,” ಎಂದಳು. ಆಮೇಲೆ ತಾನೇ ಗುದ್ದಲಿ ತಂದಳು. ಬೇರುಸಮೇತ ಅಗೆದು, ಗೊಬ್ಬರದ ಗುಂಡಿಗೆ ಹಾಕದೆ ಗೋಣಿಚೀಲಕ್ಕೆ ತುಂಬಿದೆವು. ಅಕ್ಕನ ಪೊರಕೆಯೂ ಅದರೊಳಗೆ ಹೋಯಿತು.

ಆಮೇಲೆ ಕೊಟ್ಟ ಪೊರಕೆ ಕೇಳಲು ಪಕ್ಕದ ಮನೆಗೆ ಹೋದೆವು. ಮುನಿಯಮ್ಮ ನಮಗಿಂತ ಹಿರಿಯಳು. “ಶುಕ್ರವಾರದ ದಿನ ಪೊರಕೆ ಕೇಳ್ತೀಯಲ್ಲಪ್ಪ, ನಮ್ಮನೆ ಲಕ್ಷ್ಮೀನ ಹೊರಗಾಕು ಅಂತೀಯಾ? ಓದಿದೋನು ಬೇರೆ ನೀನು.”

ಪ್ರೀತಿಯಿಂದ ಕೊಟ್ಟದ್ದನ್ನು ವಾಪಸು ಕೇಳುವುದೇ ಅಕ್ಕನಿಗೆ ಸಂಕಟ. ಸಾಲದ್ದಕ್ಕೆ ವಾರವೂ ಸರಿಯಿರಲಿಲ್ಲ. ಸೋಮವಾರದವರೆಗೆ ಕಾಯೋಣವೆಂದರೆ ಅಷ್ಟರೊಳಗೆ ದಿನಕ್ಕೆರಡು ಸಲ ಬಿತ್ತನೆ. ಕೊನೆಗೆ ಅಕ್ಕನೇ ಸಂಧಾನದ ದಾರಿ ಕಂಡುಹಿಡಿದಳು. ನಾನು ಅಂಗಡಿಯಿಂದ ಎರಡು ಹೊಸ ಪೊರಕೆ ತಂದೆ. ಹೊಸ ಲಕ್ಷ್ಮಿ ಮೊದಲು ಒಳಗೆ ಹೋದಳು, ಹಳೆಯವಳು ಆಮೇಲೆ ಹೊರಗೆ ಬಂದಳು.

“ನಿನ್ ಪೊರಕೇನೇ ಚೆನ್ನಾಗಿತ್ತು ಕಣೇ ಜಯಾ,” ಎಂದಳು ಮುನಿಯಮ್ಮ. ಹುಲ್ಲು ಅಗೆದಾಗಿನಿಂದ ಬಾಡಿದ್ದ ಅಕ್ಕನ ಮುಖ ಆಗ ಅರಳಿತು. ಎದುರುಮನೆಯಲ್ಲೂ ಇದೇ ಕ್ರಮದಲ್ಲಿ ವಿನಿಮಯ ನಡೆಯಿತು.

ಹುಳುಗಳಿಗೆ ಹೊಗೆ ಆಗದು. ಚೀಲವನ್ನು ಹುಳುಮನೆಯಿಂದ ದೂರ ಹೊತ್ತೊಯ್ದು, ಗಾಳಿ ನೋಡಿಕೊಂಡು ಸುಟ್ಟೆವು. ಸಂಜೆಯ ಬಸ್ಸಿಗೆ ಹೊರಟಾಗ ಅಕ್ಕ ಬರಿದಾದ ಬಾಗಿಲ ಬದಿಯಲ್ಲಿ ನಿಂತಿದ್ದಳು. ಅಲ್ಲಿ ಕನಕಾಂಬರ ನೆಡುವಂತೆ ಹೇಳಿ ಬಂದೆ.

ಮುಂದಿನ ಮಳೆಗೆ ಶಾಂತಮ್ಮನ ಅಂಗಳದಲ್ಲಿ ಕೆಲವು ಮೊಳಕೆ ಎದ್ದವು. ಅಕ್ಕ, ಮುನಿಯಮ್ಮ, ಶಾಂತಮ್ಮ ಮೂವರೂ ಕೂತು ಕಿತ್ತರು. ಅಕ್ಕನ ತೋಟದಲ್ಲಿ ಒಂದೂ ಇಲ್ಲ.