ವಾಪಸ್ ಬರುವ ಹಾರಗಳು

ಬೆಳಕು ಹರಿಯುವ ಹೊತ್ತಿಗೆ ಶ್ರೀವಾಣಿ ಜಗಲಿಯ ಮೇಲೆ ಕತ್ತರಿ ಹಿಡಿದು ಕೂತಿದ್ದಾಳೆ. ಬೋಳು ತಲೆಗೆ ಅಪ್ಪನ ಹಳೆಯ ಮಂಕಿ ಕ್ಯಾಪ್. ಮುಂದಿನ ಮೊರದ ತುಂಬ ರೇಷ್ಮೆಗೂಡು. ಚಿಟ್ಟೆ ತೂತು ಮಾಡಿಕೊಂಡು ಹೊರಬಿದ್ದ, ನೂಲು ತೆಗೆಯುವವರು ಕಣ್ಣೆತ್ತಿಯೂ ನೋಡದ ಗೂಡುಗಳವು. ಒಂದೊಂದನ್ನೂ ಹೂವಿನ ಎಸಳಿನ ಹಾಗೆ ಕತ್ತರಿಸಿ, ಬಣ್ಣದ ನೀರಲ್ಲಿ ಅದ್ದಿ ಒಣಗಿಸಿ, ಸೂಜಿಯಲ್ಲಿ ಪೋಣಿಸಿದರೆ ಒಂದು ಹಾರ. ಬಿಸಿಲೇರಿದರೆ ಸುಸ್ತು ಹತ್ತುತ್ತದೆ. ಅದಕ್ಕೇ ಈ ಹೊತ್ತು.

"ಕೀಮೋ ಹಾಕಿದ್ಮೇಲೆ ಬೆರಳ ತುದಿ ಜೋಮು ಹಿಡಿದಂಗಿರುತ್ತೆ. ಸೂಜಿ ಚುಚ್ಚಿದ್ದು ಗೊತ್ತೇ ಆಗಲ್ಲ. ಬಿಳೀ ಗೂಡಿನ ಮೇಲೆ ಕೆಂಪಗೆ ಕಂಡಾಗ್ಲೇ ಗೊತ್ತಾಗೋದು. ಅಂಥದ್ದು ತೆಗೆದು ಎಸೀತೀನಿ" ಎಂದು ನಗುತ್ತಾಳೆ.

ಇಪ್ಪತ್ತೊಂದು ವರ್ಷದ ಶ್ರೀವಾಣಿಯದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹುಳು ಸಾಕುವ ಮನೆ. ಕಳೆದ ವರ್ಷ ಬಿ.ಕಾಂ ಓದುತ್ತಿದ್ದಾಗ ಕತ್ತಿನ ಪಕ್ಕ ಗಂಟೊಂದು ಎದ್ದಿತು. ನೋವಿರಲಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಅಲ್ಲಿಂದ ಓದು ನಿಂತಿತು, ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗುವುದು ಶುರುವಾಯಿತು.

ತಾಯಿ ಸರಳಾ ಸೋಂಕಿನ ಭಯಕ್ಕೆ ಹುಳುಮನೆಯ ಕಾನೂನನ್ನೇ ಮಗಳ ಕೋಣೆಗೂ ತಂದಿದ್ದಾರೆ. ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆಯದೆ ಒಳಗೆ ಹೆಜ್ಜೆ ಇಡುವಂತಿಲ್ಲ. ಸ್ವಂತ ಅತ್ತಿಗೆಯನ್ನೂ ಒಮ್ಮೆ ಬಾಗಿಲಲ್ಲೇ ನಿಲ್ಲಿಸಿ, ಕಾಫಿ ಕೊಟ್ಟು ಕಳಿಸಿದ್ದುಂಟು. "ಪೊರೆ ಬಿಡೋ ಟೈಮಲ್ಲಿ ಹುಳು ಹತ್ರ ಯಾರನ್ನೂ ಬಿಡಲ್ವಲ್ಲ, ನಾನೂ ಹಂಗೇ ನಮ್ಮಮ್ಮಂಗೆ" ಎನ್ನುತ್ತಾಳೆ ಮಗಳು. ಸರಳಾ ಅವರಿಗೆ ಈ ತಮಾಷೆ ಅಷ್ಟಾಗಿ ಹಿಡಿಸುವುದಿಲ್ಲ.

ಇಷ್ಟೆಲ್ಲ ಕಾವಲಿರುವ ಹುಡುಗಿ ಬೆಳಗಾಗೆದ್ದು ಕೋಲಾರದ ಆಸ್ಪತ್ರೆಯೊಂದರ ಕೀಮೋ ವಾರ್ಡಿಗೆ ದುಡ್ಡು ಕೂಡಿಸಲು ಹಾರ ಕಟ್ಟುವುದೇಕೆ? ಕೇಳಿದರೆ ಅವಳು ಭಾರತಮ್ಮನ ಮಾತು ತೆಗೆಯುತ್ತಾಳೆ.

ಮುಳಬಾಗಿಲು ಕಡೆಯ ಭಾರತಮ್ಮ ತರಕಾರಿ ಬೆಳೆಯುವ ಹೆಂಗಸು, ಐವತ್ತು ದಾಟಿದೆ. ಅವರಿಗೆ ಎದೆಯ ಕ್ಯಾನ್ಸರ್. ಇಬ್ಬರಿಗೂ ಬೆಂಗಳೂರಿನ ಬಸ್ಸಿನಲ್ಲೇ ಪರಿಚಯ. ಕೀಮೋ ಹಾಕಿಸಿಕೊಂಡು ವಾಪಸ್ ಬರುವಾಗ ಇಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಕವರ್. ನರಸಾಪುರದ ಹತ್ತಿರ ಕಂಪನಿ ಬಸ್ಸುಗಳೆಲ್ಲ ಒಟ್ಟಿಗೇ ರಸ್ತೆಗಿಳಿದು ದಾರಿ ಕಟ್ಟಿಕೊಂಡರೆ ಮುಗಿಯಿತು, ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ. ಪಕ್ಕದವರು ಮೂಗು ಮುಚ್ಚಿಕೊಂಡು ಸೀಟು ಬದಲಿಸುತ್ತಾರೆ. ಮೂರನೆಯ ಸಲ ಭಾರತಮ್ಮ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೆಲದ ಮೇಲೇ ಕೂತುಬಿಟ್ಟರು.

"ನಾ ವಲ್ಲ ಕಾದಮ್ಮಾ, ನನ್ ಕೈಲಾಗಲ್ಲ. ರೋಗ ಇರ್ಲಿ, ಈ ಬಸ್ಸೇ ನನ್ನ ಸಾಯ್ಸುತ್ತೆ. ಕೋಲಾರದಲ್ಲೇ ಹಾಕೋದಾದ್ರೆ ಹೇಳು, ಬರ್ತೀನಿ" ಎಂದವರು ಮತ್ತೆ ಬೆಂಗಳೂರಿನ ಕಡೆ ಮುಖ ಹಾಕಲಿಲ್ಲ. ಇನ್ನೂ ಮೂರು ಕೀಮೋ ಡ್ರಿಪ್ ಬಾಕಿ ಇತ್ತು.

ಶ್ರೀವಾಣಿ ರಕ್ತ ಪರೀಕ್ಷೆಗೆ ಹೋಗುವುದು ಕೋಲಾರದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಗೆ. ಅಲ್ಲಿಗೆ ಬಂದುಹೋಗುವ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇಬಿಟ್ಟಳು, ಇಲ್ಲೇ ಯಾಕೆ ಡ್ರಿಪ್ ಹಾಕಬಾರದು ಅಂತ. ಖಾಲಿ ರೂಮಿದೆ, ವಾರಕ್ಕೊಂದು ದಿನ ನಾನೂ ಬರಬಲ್ಲೆ, ಆದರೆ ಒರಗು ಕುರ್ಚಿಗಳಿಲ್ಲ, ಔಷಧಿ ಬೆರೆಸುವ ಕ್ಯಾಬಿನೆಟ್ ಇಲ್ಲ ಎಂದರು ಅವರು. ಅವರು ಹೇಳಿದ್ದು ಮಾತು ಮುಗಿಸುವುದಕ್ಕೆ. ಈಕೆ ಕೇಳಿಸಿಕೊಂಡದ್ದು ಕೆಲಸ ಹೇಳಿದ ಹಾಗೆ.

ದುಡ್ಡು ಕೂಡಿಸಲು ಅವಳಿಗೆ ಹೊಳೆದದ್ದು ರೇಷ್ಮೆಗೂಡಿನ ಹಾರ. ಈ ಕಡೆ ಅದು ಹೊಸದೇನಲ್ಲ. ಸನ್ಮಾನ, ನಿವೃತ್ತಿ, ಸಂಘದ ವಾರ್ಷಿಕೋತ್ಸವ, ಎಲ್ಲಕ್ಕೂ ಬೇಕು. ಶ್ರೀನಿವಾಸಪುರದ ಶಾಮಿಯಾನ ಅಂಗಡಿಯ ಮುರಳಿಮೋಹನ್ ಮೊದಲ ಆರ್ಡರ್ ಕೊಟ್ಟರು. ಹಾರ ಒಪ್ಪಿಸಲು ಹೋದ ಶ್ರೀವಾಣಿ ವೇದಿಕೆಯ ಹಿಂದೆ ನಿಂತು ಒಂದು ವಿಷಯ ಗಮನಿಸಿದಳು. ಗಣ್ಯರು ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು, ಮರುಗಳಿಗೆಯೇ ಅದನ್ನು ತೆಗೆದು ಟೇಬಲ್ಲಿನ ಮೇಲಿಡುತ್ತಾರೆ. ಕುರ್ಚಿ ಎತ್ತುವವರು ಬರುವಾಗಲೂ ಅದು ಅಲ್ಲೇ ಇರುತ್ತದೆ. ಹೂವಾದರೆ ಬಾಡುತ್ತದೆ, ಗೂಡಿಗೆ ಏನಾಗಬೇಕು?

ಅಂದಿನಿಂದ ಕಾರ್ಯಕ್ರಮ ಮುಗಿದೊಡನೆ ಮುರಳಿಮೋಹನ್ ಬಿಟ್ಟುಹೋದ ಹಾರಗಳನ್ನು ಎತ್ತಿಟ್ಟು ಫೋನ್ ಮಾಡುತ್ತಾರೆ. ಅವಳು ಧೂಳು ಕೊಡವಿ, ಹೊಸ ದಾರ ಹಾಕಿ ಮತ್ತೆ ಮಾರುತ್ತಾಳೆ. ಮಾಲೂರಿನ ಹೆಡ್‌ಮಾಸ್ಟರ ಕೊರಳಲ್ಲಿದ್ದ ಹಾರ ಮುಂದಿನ ವಾರ ಮುಳಬಾಗಿಲಿನ ಹಾಲಿನ ಡೇರಿ ಅಧ್ಯಕ್ಷರ ಕೊರಳಿಗೆ. ಕದ್ದುಮುಚ್ಚಿ ಅಲ್ಲ. "ಇದು ಹಳೇದು, ಇಂಥಲ್ಲಿಗೆ ಹೋಗಿ ಬಂತು ಅಂತ ಮೊದ್ಲೇ ಹೇಳ್ತೀನಿ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತಾನೂ ಹೇಳ್ತೀನಿ. ರೇಟೂ ಕಮ್ಮಿ. ಈಗ ಜನ ಹಳೇದನ್ನೇ ಕೇಳ್ತಾರೆ, ಯಾಕೋ ಏನೋ."

ಎಲ್ಲ ಹಾರಗಳೂ ವಾಪಸ್ ಬರುತ್ತವೆಯೇ? ಇಲ್ಲವಂತೆ. ಶಾಲೆಯ ಆಯಾ, ವಾಟರ್‌ಮನ್, ಬಿಸಿಯೂಟದ ಅಡುಗೆಯವರು ಕೊಡುವುದಿಲ್ಲ. "ಮೊದಲ್ನೇ ಸಲ ಹಾರ ಹಾಕಿಸ್ಕೊಂಡೋರು ಮನೆಗೆ ತಗೊಂಡೋಗ್ತಾರೆ. ಅದನ್ನ ನಾನೂ ಕೇಳಕ್ಕೋಗಲ್ಲ."

ಹಾರ ಕೊಂಡವರಲ್ಲಿ ಕೆಲವರು ತಾವಾಗಿಯೇ ಕೈ ಸೇರಿಸಿದರು. ಕುರ್ಚಿಗಳು ಬಂದವು, ಕ್ಯಾಬಿನೆಟ್ ಬಂತು, ಆಸ್ಪತ್ರೆಯ ನರ್ಸ್ ಕೀಮೋ ಹಾಕುವ ತರಬೇತಿ ಮುಗಿಸಿ ಬಂದರು. ಆಮೇಲೆ ಶುರುವಾಯಿತು ನೋಡಿ ನಿಜವಾದ ಫಜೀತಿ. ವಾರ್ಡಿನ ಉದ್ಘಾಟನೆಗೆ ಟ್ರಸ್ಟಿನವರಿಗೆ ದೊಡ್ಡ ಅತಿಥಿ ಬೇಕು, ಅತಿಥಿಗೆ ಪುರುಸೊತ್ತು ಮುಂದಿನ ತಿಂಗಳು. ಭಾರತಮ್ಮ ಇನ್ನು ತಡ ಮಾಡಿದರೆ ಆಗಿರುವ ಮೂರು ಡ್ರಿಪ್ಪೂ ನೀರಲ್ಲಿ ಹೋಮ ಎಂದು ಡಾಕ್ಟರ್ ಎಚ್ಚರಿಸಿದ್ದರು. ಸಮಾರಂಭಗಳನ್ನೇ ನೆಚ್ಚಿಕೊಂಡ ಶ್ರೀವಾಣಿ ಟ್ರಸ್ಟಿನ ಆಫೀಸಿಗೆ ಹೋಗಿ ಸಮಾರಂಭ ಈಗ ಬೇಡ ಎಂದು ಪಟ್ಟು ಹಿಡಿದಳು. "ಟೇಪ್ ಯಾವಾಗ್ ಬೇಕಾದ್ರೂ ಕಟ್ ಮಾಡಿ ಸಾರ್. ಸೋಮವಾರ ಡ್ರಿಪ್ ಶುರು ಮಾಡಿ." ಕಾರ್ಯದರ್ಶಿ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಕೊನೆಗೆ ಹೂಂ ಎಂದರು.

ಮೊನ್ನೆ ಶ್ರೀವಾಣಿ ಮಾಸ್ಕ್ ಹಾಕಿಕೊಂಡು ಮುಳಬಾಗಿಲಿಗೆ ಹೋಗಿ, ಭಾರತಮ್ಮನನ್ನು ಕರೆತಂದು ರೂಮು ತೋರಿಸಿದಳು. ಭಾರತಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಅದರ ಕೈಯನ್ನು ಒತ್ತಿ ನೋಡಿದರು.

"ಸಾಯಂಕಾಲದೊಳ್ಗೆ ಮನೆ ಸೇರ್ತೀನಾ?"

"ಬೆಳಕಿರೋವಾಗ್ಲೇ ಸೇರ್ತೀರ, ಆಂಟಿ."

"ನೀನೂ ಇರ್ತೀಯಾ?"

"ನಂದೂ ಸೋಮವಾರಾನೇ ಅಲ್ವಾ. ಪಕ್ಕದ ಕುರ್ಚಿ ನಂದು."

"ಹಂಗಾದ್ರೆ ಬರ್ತೀನಿ" ಎಂದರು ಭಾರತಮ್ಮ. ಈಗ ಜಗಲಿಯಲ್ಲಿ ಕೂತು ಅದನ್ನು ಹೇಳುವಾಗ ಶ್ರೀವಾಣಿಯ ಕಣ್ಣು ತುಂಬುತ್ತದೆ. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಾಳೆ.

ಜಗಲಿಯ ಗೋಡೆಯ ಮೊಳೆಯಲ್ಲಿ ಎರಡು ಹಾರ ತೂಗುತ್ತಿವೆ. ಗುಲಾಬಿ ಬಣ್ಣದ ದಪ್ಪನೆಯದು ಮುಂದಿನ ತಿಂಗಳ ಅತಿಥಿಗೆ. ಅದನ್ನು ಟೇಬಲ್ ಮೇಲೆ ಬಿಟ್ಟುಹೋದರೆ ಎತ್ತಿಡಬೇಕೆಂದು ಮುರಳಿಮೋಹನ್‌ಗೆ ಈಗಾಗಲೇ ಹೇಳಿಟ್ಟಿದ್ದಾಳೆ. ಇನ್ನೊಂದಕ್ಕೆ ಬಣ್ಣವಿಲ್ಲ, ಅಪ್ಪಟ ಬಿಳಿ. ಎಲ್ಲೂ ಒಂದು ಕೆಂಪು ಚುಕ್ಕೆಯಿಲ್ಲ.

"ಇದು ಭಾರತಮ್ಮಂಗೆ. ಬಾಕಿ ಡ್ರಿಪ್ ಮುಗಿದ ದಿನ ಹಾಕ್ತೀನಿ. ಮದುವೇಲಿ ಬಿಟ್ರೆ ಅವ್ರ ಕೊರಳಿಗೆ ಯಾರೂ ಹಾರ ಹಾಕಿಲ್ವಂತೆ" ಎನ್ನುತ್ತ ಅದರ ದಾರವನ್ನು ಇನ್ನೊಮ್ಮೆ ಎಳೆದು ನೋಡುತ್ತಾಳೆ. "ಇದು ವಾಪಸ್ ಬರಲ್ಲ."