ಆಕಾಶಕ್ಕೆ ಮೂರೂವರೆ ಗಂಟೆ, ಘಾಟಿಗೆ ಎಷ್ಟೋ

ಸಕಲೇಶಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಯಾಜ್‌ನನ್ನು ಎಲ್ಲರೂ ಕರೆಯುತ್ತಿದ್ದುದು ‘ಏರ್‌ಪೋರ್ಟ್ ಸಾಬ್ರು’ ಅಂತಲೇ. ಇಪ್ಪತ್ತು ವರ್ಷ ಊರವರನ್ನು ಮಂಗಳೂರಿನ ವಿಮಾನಕ್ಕೆ ಮುಟ್ಟಿಸಿದ ಮನುಷ್ಯ ಒಮ್ಮೆಯೂ ವಿಮಾನ ಹತ್ತಿದವನಲ್ಲ.

“ಸಾಯಂಕಾಲದ ವಿಮಾನಕ್ಕೆ ಕೋಳಿ ಕೂಗೋ ಹೊತ್ಗೇ ಎಬ್ಬಿಸ್ತೀಯಲ್ಲ ಮಾರಾಯ, ಪೈಲಟ್ಟೂ ನೀನೇನಾ?” ಎಂದು ಎಸ್ಟೇಟಿನ ಕ್ಲೆಮೆಂಟಿನಾ ಬಾಯಿ ಛೇಡಿಸುತ್ತಿದ್ದರು.

“ಆಕಾಶ ಟೈಮಿಗೆ ಸರಿಯಾಗೈತೆ ಬಾಯಮ್ಮ. ಶಿರಾಡಿ ಘಾಟಿ ಯಾರಪ್ಪನ ಮಾತು ಕೇಳ್ತೈತೆ?”

ಜುಲೈನ ಒಂದು ನಸುಕಿನಲ್ಲಿ ಅವನ ಹೆಂಡತಿ ಹಾಜಿರಾ ತೀರಿಕೊಂಡಳು. ತನ್ನ ಕೊನೆಯ ಸ್ನಾನಕ್ಕೆ ಮಗಳು ಗೌಸಿಯಾಳ ಕೈನೀರೇ ಬೀಳಬೇಕೆಂದು ಗಂಡನಿಂದ ಮಾತು ತೆಗೆದುಕೊಂಡು ಹೋಗಿದ್ದಳು. ಗೌಸಿಯಾಳನ್ನು ಕೊಟ್ಟ ಮನೆ ಇದ್ದದ್ದು ದುಬೈಯಲ್ಲಿ.

“ಮಯ್ಯತ್ ಕಾಯಿಸಬಾರ್ದು ಗಯಾಜ್, ಬೇಗ ಮಣ್ಣು ಮಾಡ್ಬೇಕು. ಮಳೆ ನೋಡು,” ಎಂದರು ಮಸೀದಿಯ ಹಿರಿಯರು.

“ಅಲ್ಲಿಂದ ಮೂರೂವರೆ ಗಂಟೆ ಕಣ್ರೀ. ಬಂದೇ ಬುಡ್ತಾಳೆ.”

ಊರಿಗೆಲ್ಲ ಘಾಟಿಯ ಪಾಠ ಹೇಳಿದವನು ತನ್ನ ಪಾಲಿಗೆ ಬರೀ ಆಕಾಶವನ್ನಷ್ಟೇ ಲೆಕ್ಕಕ್ಕೆ ಹಿಡಿದ. ದುಃಖ ಅಂಥ ಕುರುಡು.

ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಆಕಾಶವನ್ನು ಗೌಸಿಯಾ ಹೇಳಿದ ಹೊತ್ತಿಗೆ ದಾಟಿ ಬಂದಳು. ಕರೆತರಲು ಹೋಗಿದ್ದವನು ಸ್ಟ್ಯಾಂಡಿನ ಸುನಿಲ್‌ಕುಮಾರ್. ಗುಂಡ್ಯ ದಾಟಿ ಘಾಟಿ ಹತ್ತಿದ ಕಾರು ಮಾರನಹಳ್ಳಿಯ ಕೆಳಗೆ ನಿಂತುಬಿಟ್ಟಿತು. ಗುಡ್ಡ ರಸ್ತೆಯ ಮೇಲೆ ಕೂತಿತ್ತು. ರಸ್ತೆ ಅಗಲವಾಗಲಿ ಎಂದು ಬೆಟ್ಟದ ಬುಡವನ್ನು ಗೋಡೆಯಂತೆ ನೆಟ್ಟಗೆ ಕೊಯ್ದು ಬಿಲ್ಲು ಬರೆಸಿಕೊಂಡವರು ಆ ಹೊತ್ತಿಗೆ ಎಲ್ಲಿದ್ದರೋ! ಮಳೆಗಾಲ ಬಂದರೆ ಮಣ್ಣು ಜರಿಯುತ್ತದೆಂದು ದನ ಕಾಯುವವರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ನಕ್ಷೆ ಬರೆದವರಿಗೆ ಮಾತ್ರ.

ಸಂಜೆಯಾಗುತ್ತಿತ್ತು. ಹಿತ್ತಲಿನ ಪರದೆಯ ಹಿಂದೆ ಹೆಂಗಸರು ನೀರು ಕಾಯಿಸಿ ಕಾಯಿಸಿ ಸೋತಿದ್ದರು. ಫೋನು ಬಡಿದುಕೊಂಡಿತು. ಸುನಿಲ್‌ಕುಮಾರನ ಫೋನಿನಿಂದ ಮಗಳು ಅಪ್ಪನನ್ನು ಕರೆದಳು.

“ಅಬ್ಬಾ, ಮಣ್ಣಿನ ಮೇಲೇ ಹತ್ತಿ ಆ ಕಡೆ ಬರ್ತೀನಿ. ಅಲ್ಲಿಗೊಂದು ಗಾಡಿ ಕಳಿಸಿ.”

ಗಯಾಜ್‌ಗೆ ಗೊತ್ತಿತ್ತು, ಒಮ್ಮೆ ಜರಿದ ಗುಡ್ಡ ಒಂದೇ ಸಲಕ್ಕೆ ಸುಮ್ಮನಾಗುವುದಿಲ್ಲ.

“ಬೇಡ ಮಗಾ, ಹತ್ಬೇಡ.”

“ಅಮ್ಮಿಗೆ ಮಾತು ಕೊಟ್ಟಿದ್ದು ನೀವೇ ಅಲ್ವಾ?”

ಅವನು ಸುಳ್ಳು ಹೇಳಿದ. “ಸ್ನಾನ ಆಗ್ಬುಡ್ತು ಕಣಮ್ಮ. ಇನ್ನು ನೀನು ಅವಸರ ಮಾಡೋಕೆ ಏನೂ ಇಲ್ಲ.”

ಆ ಕಡೆ ಮಾತಿಲ್ಲ. ಲೈನು ಕಡಿಯಿತೆಂದುಕೊಂಡು ಅವನು ಫೋನನ್ನು ಮಡಿಲಿಗೆ ಹಾಕಿಕೊಂಡ. ಕೊಟ್ಟ ಮಾತು ಮುರಿದರೂ ಮಗಳು ಉಳಿಯಲಿ. ಪರದೆಯತ್ತ ತಿರುಗಿ ಹಾಜಿರಾಳ ಅಕ್ಕನಿಗೆ ಕೂಗಿ ಹೇಳಿದ: “ಆಪಾ, ಇನ್ನು ಕಾಯೋದು ಬೇಡ. ನೀವೇ ಹುಯ್ರಿ.”

ಹಲಗೆಯ ಮೇಲೆ ಮೊದಲ ತಂಬಿಗೆಯ ನೀರು ಬಿದ್ದ ಸದ್ದಾಯಿತು.

ಅಷ್ಟರಲ್ಲಿ ಮಡಿಲಿನಿಂದ ಯಾರೋ ಅರಚುವುದು ಕೇಳಿ ಫೋನನ್ನು ಕಿವಿಗೆ ಒತ್ತಿದ. ಲೈನು ಕಡಿದೇ ಇರಲಿಲ್ಲ; ಅವನು ಆಪಾಗೆ ಕೂಗಿ ಹೇಳಿದ್ದು ಆ ಕಡೆಗೂ ಕೇಳಿಸಿತ್ತು. ಅದು ಸುನಿಲ್‌ಕುಮಾರನ ದನಿ. ಕೂಗುತ್ತಿದ್ದುದು ಇವನನ್ನಲ್ಲ.

“ತಂಗೀ, ಬ್ಯಾಡ! ವಾಪಸ್ ಬಾರಮ್ಮ! ಮೇಲ್ಗಡೆಯಿಂದ ಮಣ್ಣು ಬರ್ತೈತೆ!”